ಕೀಲಿಕೈ ಯಾರ ಕೈಯಲ್ಲಿ: ಒಂದು ಮಹಾನಗರದ ಜಾಲ ಮತ್ತು ಹನ್ನೆರಡು ದಿನಗಳ ಮೌನ

2008ರ ಜುಲೈ 21ರಂದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಮೇಯರ್ ಗೆವಿನ್ ನ್ಯೂಸಮ್ ಅವರು ಅಲ್ಲಿನ ಜೈಲಿಗೆ ಹೋದರು. ಅವರು ಹೋದದ್ದು ತಪಾಸಣೆಗಲ್ಲ. ತಮ್ಮದೇ ಆಡಳಿತದ ನೌಕರನೊಬ್ಬನ ಎದುರು ಕುಳಿತು ಕೆಲವು ಅಕ್ಷರಗಳನ್ನೂ ಅಂಕಿಗಳನ್ನೂ ಕೇಳಿ ಪಡೆಯುವುದಕ್ಕೆ. ಆ ಅಕ್ಷರಗಳು ನಗರದ ಗಣಕಜಾಲದ ಪಾಸ್‌ವರ್ಡುಗಳು. ಅವು ಕೈಗೆ ಬರುವವರೆಗೆ, ಲಕ್ಷಾಂತರ ಜನರ ಒಂದು ಮಹಾನಗರ ತನ್ನ ಸ್ವಂತ ಜಾಲದ ಒಳಕೋಣೆಗೆ ಪ್ರವೇಶವಿಲ್ಲದೆ ಹನ್ನೆರಡು ದಿನ ಹೊರಗೆ ನಿಂತಿತ್ತು. ವಿಚಿತ್ರವೆಂದರೆ, ಆ ಹನ್ನೆರಡು ದಿನಗಳಲ್ಲಿ ಜಾಲ ಒಂದು ಕ್ಷಣವೂ ನಿಲ್ಲಲಿಲ್ಲ. ಪೊಲೀಸರ ಕಡತಗಳು ತೆರೆಯುತ್ತಿದ್ದವು, ಇಮೇಲ್ ಹೋಗಿ ಬರುತ್ತಿತ್ತು, ಸಂಬಳದ ಲೆಕ್ಕ ನಡೆಯುತ್ತಿತ್ತು. ಹಾಗಿದ್ದ ಮೇಲೆ ಅಪರಾಧವೆಲ್ಲಿ ಎಂಬ ಪ್ರಶ್ನೆಯೇ ಮುಂದೆ ಐದು ವರ್ಷ ಕ್ಯಾಲಿಫೋರ್ನಿಯಾದ ನ್ಯಾಯಾಲಯಗಳಲ್ಲಿ ಚರ್ಚೆಗೆ ಬಂತು.

ನೌಕರನ ಹೆಸರು ಟೆರಿ ಚೈಲ್ಡ್ಸ್. ನಗರದ ದೂರಸಂಪರ್ಕ ಮತ್ತು ಮಾಹಿತಿ ಸೇವಾ ಇಲಾಖೆಯಲ್ಲಿ ಆತ ಪ್ರಧಾನ ನೆಟ್‌ವರ್ಕ್ ಎಂಜಿನಿಯರ್. ನಗರದ ಇಲಾಖೆಗಳನ್ನೆಲ್ಲ ಬೆಳಕಿನ ತಂತುಗಳಿಂದ ಬೆಸೆಯುವ ಫೈಬರ್‌ವ್ಯಾನ್ ಎಂಬ ಜಾಲವನ್ನು ಕಟ್ಟಿದವರಲ್ಲಿ ಮುಖ್ಯನು ಆತನೇ. ಕೆಲಸದಲ್ಲಿ ನಿಪುಣನೆಂಬುದನ್ನು ಆತನ ವಿರೋಧಿಗಳೂ ಅಲ್ಲಗಳೆಯಲಿಲ್ಲ. ಆದರೆ ಕಟ್ಟಿದ್ದು ತನ್ನದೇ ಎಂಬ ಭಾವ ಎಷ್ಟು ಬಲಿತಿತ್ತೆಂದರೆ, ಆ ಜಾಲದ ವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಕೋರಿ ಅರ್ಜಿ ಹಾಕಿದ್ದನೆಂದೂ ಆಗ ವರದಿಗಳು ಬಂದಿದ್ದವು. ಸರಕಾರಿ ಕಟ್ಟಡದ ಮೇಸ್ತ್ರಿಯೊಬ್ಬ ಗೋಡೆಯ ಮೇಲೆ ತನ್ನ ಹೆಸರು ಕೆತ್ತಿಸಿಕೊಂಡಂತೆ ಎನ್ನಬಹುದು.

ಆತ ಏನು ಮಾಡಿದನೆಂಬುದನ್ನು ತಿಳಿಯಬೇಕಾದರೆ, ಆತ ದಿನವೂ ಕೈಯಾಡಿಸುತ್ತಿದ್ದ ಯಂತ್ರದ ಪರಿಚಯ ಸ್ವಲ್ಪ ಬೇಕು. ನ್ಯಾಯಾಲಯವೂ ಜ್ಯೂರಿಯೂ ವಾರಗಟ್ಟಲೆ ಕೇಳಿಸಿಕೊಂಡದ್ದು ಬಹುಪಾಲು ಇದನ್ನೇ.

ಸ್ವಿಚ್ ಎಂಬ ಮಾತು ದೀಪದ ಗುಂಡಿಗೆ ಅಂಟಿಕೊಂಡುಬಿಟ್ಟಿದೆ. ಗಣಕಜಾಲದ ಸ್ವಿಚ್ ಬೇರೆ. ಅದು ಸಾಲಾಗಿ ಇಪ್ಪತ್ತನಾಲ್ಕೋ ನಲವತ್ತೆಂಟೋ ಕಿಂಡಿಗಳಿರುವ ಚಪ್ಪಟೆಯಾದ ಲೋಹದ ಪೆಟ್ಟಿಗೆ. ಬ್ಯಾಂಕಿನ ಮೂಲೆಯಲ್ಲಿ, ಶಾಲೆಯ ಗಣಕ ಕೊಠಡಿಯಲ್ಲಿ, ಆಸ್ಪತ್ರೆಯ ಮೆಟ್ಟಿಲ ಕೆಳಗೆ ಹಸಿರು ದೀಪಗಳನ್ನು ಮಿಣುಕಿಸುತ್ತ ಕುಳಿತಿರುತ್ತದೆ. ಕಿಂಡಿಗೊಂದು ತಂತಿ, ತಂತಿಯ ತುದಿಗೊಂದು ಗಣಕವೋ ಮುದ್ರಣಯಂತ್ರವೋ. ಯಾವ ಕಿಂಡಿಯ ಆಚೆ ಯಾರಿದ್ದಾರೆಂಬುದನ್ನು ಪೆಟ್ಟಿಗೆ ತಾನೇ ಗಮನಿಸಿ ಪಟ್ಟಿ ಮಾಡಿಕೊಳ್ಳುತ್ತದೆ. ಊರಿಗೆ ಹೊಸದಾಗಿ ಬಂದ ಅಂಚೆಪೇದೆ ಎರಡು ದಿನದಲ್ಲಿ ಮನೆಗಳನ್ನು ಗುರುತು ಹಿಡಿಯುವ ಹಾಗೆ. ಅನಂತರ ಬಂದ ಓಲೆಯನ್ನು ಊರಿಗೆಲ್ಲ ಕೂಗಿ ಹೇಳದೆ ಸೇರಬೇಕಾದವರಿಗಷ್ಟೇ ಮುಟ್ಟಿಸುತ್ತದೆ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸ್ವಿಚ್‌ಗೆ ಇಷ್ಟೇ ಗೊತ್ತು. ದೊಡ್ಡ ಸಂಸ್ಥೆಗಳು ಇಟ್ಟುಕೊಳ್ಳುವ ಸ್ವಿಚ್‌ಗೆ ಆಜ್ಞೆ ಕೊಡಬಹುದು. ಒಂದೇ ಪೆಟ್ಟಿಗೆಯ ಹತ್ತು ಕಿಂಡಿಗಳನ್ನು ಪೊಲೀಸು ಇಲಾಖೆಗೂ ಇನ್ನು ಹತ್ತನ್ನು ಆಸ್ಪತ್ರೆಗೂ ಕೊಟ್ಟು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ನಡುವೆ ಕಾಣದ ಗೋಡೆ ಎಬ್ಬಿಸಬಹುದು. ಇದನ್ನು ವಿಎಲ್ಎಎನ್ ಎನ್ನುತ್ತಾರೆ. ಈ ಆಜ್ಞೆಗಳನ್ನು ಕೊಡುವ ಜಾಗವೇ ಕಮಾಂಡ್ ಲೈನ್: ಕಪ್ಪು ಪರದೆ, ಮಿನುಗುವ ಒಂದು ಗೆರೆ, ಬೆರಳಚ್ಚು ಮಾಡಿದ ಪದಗಳು. ಚಿತ್ರವಿಲ್ಲ, ಗುಂಡಿಯಿಲ್ಲ, ಇಲಿಯಾಟವಿಲ್ಲ.

ಅಲ್ಲಿಗೆ ಹೋಗುವ ಮೊದಲ ದಾರಿ ಪೆಟ್ಟಿಗೆಯ ಮೈಮೇಲೇ ಇದೆ. ಕನ್ಸೋಲ್ ಎಂಬ ಹೆಸರಿನ ಒಂಟಿ ಕಿಂಡಿ ಅದು. ಅದಕ್ಕೊಂದು ಚಪ್ಪಟೆ ತಂತಿ ಸಿಕ್ಕಿಸಿ, ಮತ್ತೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಸೆಕೆಂಡಿಗೆ 9600 ಬಿಟ್‌ಗಳ ನಿಧಾನಗತಿಯಲ್ಲಿ ಮಾತನಾಡಬೇಕು. ಪೆಟ್ಟಿಗೆ ಹೊಸದಾಗಿ ಬಂದಾಗ ಅದಕ್ಕೆ ವಿಳಾಸವೇ ಇರುವುದಿಲ್ಲವಾದ್ದರಿಂದ ಎದುರಿಗೆ ಹೋಗಿ ಕೂರುವುದೇ ಉಪಾಯ. ವಿಳಾಸ ಕೊಟ್ಟ ಮೇಲೆ ದೂರದಿಂದಲೇ ಸಂಪರ್ಕಿಸಬಹುದು. ಹಿಂದೆ ಟೆಲ್ನೆಟ್ ಎಂಬ ವಿಧಾನವಿತ್ತು. ಅದರಲ್ಲಿ ಪಾಸ್‌ವರ್ಡು ತೆರೆದ ಅಂಚೆಕಾರ್ಡಿನ ಹಾಗೆ ದಾರಿಯುದ್ದಕ್ಕೂ ಓದಲು ಸಿಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಪಾಸ್‌ವರ್ಡುಗಳನ್ನು ಕದ್ದಾಗ, ಅಲ್ಲಿನ ತತು ಯ್ಲೊನೆನ್ ಎಂಬ ಸಂಶೋಧಕ ಇಡೀ ಸಂಭಾಷಣೆಯನ್ನೇ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಎಂಬ ಬದಲಿಯನ್ನು ಬರೆದ. ಈಗ ಬಲ್ಲವರು ಬಳಸುವುದು ಅದನ್ನೇ. ಟೆಲ್ನೆಟ್ ಸತ್ತಿದೆಯೆಂದು ಮಾತ್ರ ಯಾರೂ ಭಾವಿಸಬೇಕಾಗಿಲ್ಲ. ಹಳೆಯ ಪೆಟ್ಟಿಗೆಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ.

ಸಿಸ್ಕೋ ಕಂಪೆನಿಯ ಸ್ವಿಚ್‌ಗಳಲ್ಲಿ ಒಳಹೊಕ್ಕ ಕೂಡಲೇ ಪೆಟ್ಟಿಗೆಯ ಹೆಸರು, ಅದರ ಮುಂದೆ ಬಾಣದ ತಲೆಯಂಥ ಒಂದು ಗುರುತು ಕಾಣುತ್ತದೆ. ಈ ಹಂತದಲ್ಲಿ ನೋಡಬಹುದು, ಮುಟ್ಟುವಂತಿಲ್ಲ. ‘ಎನೇಬಲ್’ ಎಂದು ಬರೆದರೆ ಇನ್ನೊಂದು ಪಾಸ್‌ವರ್ಡು ಕೇಳುತ್ತದೆ. ಕೊಟ್ಟರೆ ಬಾಣದ ಗುರುತು ಹ್ಯಾಷ್ ಚಿಹ್ನೆಯಾಗುತ್ತದೆ. ಈಗ ಎಲ್ಲ ಅಧಿಕಾರವೂ ಬಂತು. ‘ಕಾನ್ಫಿಗರ್ ಟರ್ಮಿನಲ್’ ಎಂದರೆ ಪೆಟ್ಟಿಗೆಯ ನಡವಳಿಕೆಯನ್ನೇ ತಿದ್ದಬಹುದು. ಸೋಪಾನಗಳು ಮೂರೇ, ಆದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಕಚೇರಿಯ ವರಾಂಡಕ್ಕೂ ದಾಖಲೆ ಕೊಠಡಿಗೂ ಇರುವಷ್ಟು.

ಇಲ್ಲಿ ಬರೆದದ್ದು ಎಂಟರ್ ಒತ್ತಿದ ಕ್ಷಣವೇ ಜಾರಿಗೆ ಬರುತ್ತದೆ. ‘ನಿಜವಾಗಿಯೂ ಮಾಡಲೇ’ ಎಂದು ಪೆಟ್ಟಿಗೆ ಸಾಮಾನ್ಯವಾಗಿ ಕೇಳುವುದಿಲ್ಲ. ಎರಡು ಕಿಂಡಿಗಳ ನಡುವೆ ಹಾಯುವ ವಿಎಲ್ಎಎನ್‌ಗಳ ಪಟ್ಟಿಗೆ ಹೊಸದೊಂದನ್ನು ಸೇರಿಸುವಾಗ ‘ಆ್ಯಡ್’ ಎಂಬ ಒಂದು ಪದ ಬಿಟ್ಟುಹೋದರೆ ಹಳೆಯವೆಲ್ಲ ಅಳಿಸಿಹೋಗಿ ಹೊಸದೊಂದೇ ಉಳಿಯುತ್ತದೆ. ಕಟ್ಟಡದ ಅರ್ಧ ಭಾಗ ಕತ್ತಲಾಗುತ್ತದೆ. ದೂರದಿಂದ ಕೆಲಸ ಮಾಡುವ ಎಂಜಿನಿಯರ್ ತಾನು ಒಳಬಂದ ದಾರಿಯ ಕಿಂಡಿಯನ್ನೇ ಮುಚ್ಚಿಬಿಟ್ಟರೆ ಕುಳಿತ ಕೊಂಬೆಯನ್ನೇ ಕಡಿದಂತೆ. ಆದ್ದರಿಂದ ಅನುಭವಿಗಳು ಅಪಾಯದ ಬದಲಾವಣೆಗೆ ಮುನ್ನ ‘ರಿಲೋಡ್ ಇನ್ 10’ ಎಂದು ಬರೆದಿಡುತ್ತಾರೆ. ಕೆಲಸ ಕೆಟ್ಟು ಸಂಪರ್ಕ ಕಡಿದರೆ ಹತ್ತು ನಿಮಿಷದಲ್ಲಿ ಪೆಟ್ಟಿಗೆ ತಾನೇ ಮರುಪ್ರಾರಂಭಗೊಂಡು ಹಳೆಯ ಸ್ಥಿತಿಗೆ ಬರುತ್ತದೆ. ಸರಿಯಾದರೆ ಆ ಆಜ್ಞೆಯನ್ನು ರದ್ದು ಮಾಡಿದರಾಯಿತು.

ಹಳೆಯ ಸ್ಥಿತಿಗೆ ಹೇಗೆ ಬರುತ್ತದೆ? ಚೈಲ್ಡ್ಸ್ ಪ್ರಕರಣದ ಗಂಟು ಇಲ್ಲಿದೆ. ಸ್ವಿಚ್‌ನಲ್ಲಿ ಸೂಚನೆಗಳ ಪ್ರತಿ ಎರಡಿರುತ್ತದೆ. ಈಗ ನಡೆಯುತ್ತಿರುವುದು ‘ರನ್ನಿಂಗ್ ಕಾನ್ಫಿಗ್’, ಅದು ತಾತ್ಕಾಲಿಕ ಸ್ಮೃತಿಯಲ್ಲಿ ಇರುತ್ತದೆ. ವಿದ್ಯುತ್ತು ಹೋದರೆ ಅದೂ ಹೋಯಿತು. ಇನ್ನೊಂದು ‘ಸ್ಟಾರ್ಟಪ್ ಕಾನ್ಫಿಗ್’, ವಿದ್ಯುತ್ತಿಲ್ಲದೆಯೂ ಉಳಿಯುವ ಸ್ಮೃತಿಯಲ್ಲಿ ಬರೆದದ್ದು. ಪೆಟ್ಟಿಗೆ ಎಚ್ಚರಗೊಂಡಾಗ ಓದಿಕೊಳ್ಳುವುದು ಇದನ್ನು. ಮೊದಲನೆಯದನ್ನು ಎರಡನೆಯದಕ್ಕೆ ನಕಲು ಮಾಡಲು ಪ್ರತ್ಯೇಕ ಆಜ್ಞೆಯೇ ಬೇಕು. ಅದನ್ನು ಕೊಡದಿದ್ದರೆ ಸ್ಥಿತಿ ಬಾಯಿಮಾತಿನ ಗೇಣಿಯ ಹಾಗೆ: ನಡೆಯುವಷ್ಟು ದಿನ ನಡೆಯುತ್ತದೆ, ಆಡಿದವನು ಇಲ್ಲವಾದ ದಿನ ತೋರಿಸಲು ಕಾಗದವಿಲ್ಲ.

ಚೈಲ್ಡ್ಸ್ ಫೈಬರ್‌ವ್ಯಾನ್‌ನ ಹೃದಯಭಾಗದ ಸಾಧನಗಳಲ್ಲಿ ಆ ಕಾಗದವನ್ನೇ ಇಟ್ಟಿರಲಿಲ್ಲ. ಸೂಚನೆಗಳೆಲ್ಲ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಇದ್ದವು. ವಿದ್ಯುತ್ತು ಕಡಿದರೆ ಆ ಸಾಧನಗಳು ಖಾಲಿ ಹಲಗೆಯಾಗಿ ಏಳುತ್ತಿದ್ದವು. ಮತ್ತೆ ಬರೆಯಬಲ್ಲವನು ಆತನೊಬ್ಬನೇ. ಪ್ರತಿಗಳಿದ್ದವು, ಆದರೆ ಗೂಢಲಿಪಿಯಲ್ಲಿ, ಆತನ ವಶದಲ್ಲಿ.

ಎರಡನೆಯ ಬೀಗ ಇನ್ನೂ ಸೂಕ್ಷ್ಮವಾದದ್ದು. ಪಾಸ್‌ವರ್ಡು ಮರೆತವರಿಗಾಗಿ ತಯಾರಕರೇ ಒಂದು ಹಿಂಬಾಗಿಲು ಇಟ್ಟಿರುತ್ತಾರೆ. ಸಾಧನದ ಎದುರು ನಿಂತು ಅದನ್ನು ಆರಿಸಿ ಹೊತ್ತಿಸಿ, ರೌಟರಾದರೆ ಮೊದಲ ಒಂದು ನಿಮಿಷದೊಳಗೆ ಬ್ರೇಕ್ ಸಂಕೇತ ಕಳುಹಿಸಬೇಕು, ಹಲವು ಸ್ವಿಚ್‌ಗಳಾದರೆ ಮೈಮೇಲಿನ ‘ಮೋಡ್’ ಗುಂಡಿ ಒತ್ತಿಹಿಡಿಯಬೇಕು. ಆಗ ಸಾಧನ ಸ್ಟಾರ್ಟಪ್ ಕಾನ್ಫಿಗನ್ನು ಓದದೆ ಎದ್ದುಕೊಳ್ಳುತ್ತದೆ. ಒಳಹೊಕ್ಕು ಹಳೆಯ ಸೂಚನೆಗಳನ್ನು ಉಳಿಸಿಕೊಂಡು ಪಾಸ್‌ವರ್ಡು ಮಾತ್ರ ಬದಲಿಸಬಹುದು. ಪೆಟ್ಟಿಗೆಯನ್ನು ಕೈಯಿಂದ ಮುಟ್ಟಬಲ್ಲವನು ಅದರ ಒಡೆಯ ಎಂಬ ತತ್ತ್ವ ಇದರ ಹಿಂದಿದೆ. ‘ನೋ ಸರ್ವಿಸ್ ಪಾಸ್‌ವರ್ಡ್ ರಿಕವರಿ’ ಎಂಬ ನಾಲ್ಕು ಪದಗಳ ಆಜ್ಞೆ ಈ ಹಿಂಬಾಗಿಲನ್ನು ಮುಚ್ಚುತ್ತದೆ. ಅನಂತರವೂ ಪೆಟ್ಟಿಗೆಯನ್ನು ಮರಳಿ ಪಡೆಯಬಹುದು, ಆದರೆ ಒಳಗಿನದನ್ನೆಲ್ಲ ಅಳಿಸಿಹಾಕಲು ಒಪ್ಪಿದರೆ ಮಾತ್ರ. ನಗರದ ಇಲಾಖೆಗಳ ಕಡೆಯ ಸಾಧನಗಳಲ್ಲಿ ಚೈಲ್ಡ್ಸ್ ಈ ಆಜ್ಞೆಯನ್ನು ಕೊಟ್ಟಿದ್ದ.

ನ್ಯಾಯದೃಷ್ಟಿಯಿಂದ ನೋಡುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇವೆರಡೂ ಸ್ವತಃ ದುಷ್ಟ ಕೆಲಸಗಳಲ್ಲ. ಆ ಆಜ್ಞೆಯನ್ನು ತಯಾರಕರೇ ಕೊಟ್ಟಿದ್ದಾರೆ. ಯಾರು ಬೇಕಾದರೂ ಬಂದುಹೋಗುವ ಜಾಗದಲ್ಲಿ ಸಾಧನ ಇದ್ದರೆ ಅದನ್ನು ಬಳಸುವುದು ವಿವೇಕವೇ. ಸೂಚನೆಗಳನ್ನು ಸ್ಥಿರಸ್ಮೃತಿಯಲ್ಲಿ ಬರೆಯದಿರುವುದು ವಿಪರೀತದ ಎಚ್ಚರ, ಆದರೆ ಕದ್ದೊಯ್ದವನಿಗೆ ಏನೂ ಸಿಗಬಾರದೆಂಬ ತರ್ಕ ಅದಕ್ಕೂ ಉಂಟು. ಬೀಗ ಹಾಕುವುದು ತಪ್ಪಲ್ಲ. ಪ್ರಶ್ನೆ ಹುಟ್ಟಿದ್ದು ಬೀಗದ ಒಡೆಯ ಕೀಲಿಕೈ ಕೇಳಿದಾಗ.

2008ರ ಜುಲೈ 9ರಂದು ಚೈಲ್ಡ್ಸ್‌ನನ್ನು ನಗರದ ನ್ಯಾಯ ಭವನದ ಒಂದು ಕೋಣೆಗೆ ಕರೆಸಲಾಯಿತು. ಅಲ್ಲಿ ಇಲಾಖೆಯ ಹಿರಿಯ ಅಧಿಕಾರಿ ಇದ್ದರು, ಸಿಬ್ಬಂದಿ ವಿಭಾಗದವರಿದ್ದರು, ಪೊಲೀಸರೂ ಇದ್ದರು. ಮೇಜಿನ ಮೇಲಿನ ದೂರವಾಣಿಯ ಆಚೆ ಇನ್ನೂ ಕೆಲವರು ಕೇಳಿಸಿಕೊಳ್ಳುತ್ತಿದ್ದರು. ಆತನನ್ನು ಆ ಕೆಲಸದಿಂದ ಬೇರೆಡೆಗೆ ವರ್ಗಾಯಿಸುವುದಾಗಿ ತಿಳಿಸಿ, ಜಾಲದ ಪಾಸ್‌ವರ್ಡುಗಳನ್ನು ಹೇಳುವಂತೆ ಕೇಳಲಾಯಿತು. ಆತ ಮೊದಲು ಹಿಂಜರಿದ, ಅನಂತರ ಕೆಲವನ್ನು ಹೇಳಿದ. ಪರೀಕ್ಷಿಸಿ ನೋಡಿದರೆ ಅವು ತಪ್ಪು. ಕೆಲವೇ ದಿನಗಳಲ್ಲಿ ಬಂಧನವಾಯಿತು. ಜಾಮೀನಿನ ಮೊತ್ತ 50 ಲಕ್ಷ ಡಾಲರ್. ಕೊಲೆ ಆರೋಪಿಗಳಿಗೂ ಅಷ್ಟು ವಿಧಿಸುವುದು ಅಪರೂಪವೆಂದು ಆಗಲೇ ಹಲವರು ಗೊಣಗಿದರು. ಪಾಸ್‌ವರ್ಡುಗಳನ್ನು ಕೊಡುವುದಾದರೆ ಮೇಯರರ ಕೈಗೇ ಕೊಡುತ್ತೇನೆ, ಮಿಕ್ಕವರಿಗೆ ಆ ಅರ್ಹತೆಯಿಲ್ಲ ಎಂಬುದು ಆತನ ನಿಲುವು. ಕೊನೆಗೆ ನಡೆದದ್ದೂ ಅದೇ.

ಪ್ರಾಸಿಕ್ಯೂಷನ್ ಹೇಳಿದ ಒಂದು ಸಂಗತಿ ಈ ಕಥೆಗೆ ಭಯದ ಬಣ್ಣ ಬಳಿಯಿತು. ಜಾಲದ ಮುಖ್ಯ ಸಾಧನಗಳಿದ್ದ ಕಟ್ಟಡವೊಂದರಲ್ಲಿ ಜುಲೈ 19ಕ್ಕೆ ವಿದ್ಯುತ್ ನಿಲುಗಡೆಯ ಕೆಲಸ ಮೊದಲೇ ನಿಗದಿಯಾಗಿತ್ತು. ಆ ದಿನ ವಿದ್ಯುತ್ತು ಹೋಗಿದ್ದರೆ ಬರೆದಿಡದ ಸೂಚನೆಗಳೆಲ್ಲ ಆವಿಯಾಗುತ್ತಿದ್ದವು ಎಂಬುದು ಅವರ ವಾದ. ಯಾರೂ ಸ್ಫೋಟಕ ಇಟ್ಟಿರಲಿಲ್ಲ, ವೈರಸ್ ಬಿಟ್ಟಿರಲಿಲ್ಲ. ಬರೆಯದೆ ಬಿಟ್ಟ ಒಂದು ಸಾಲಿನ ಆಜ್ಞೆಯೇ ಅಪಾಯದ ಬತ್ತಿಯಾಗಿತ್ತು.

ಮೊಕದ್ದಮೆ ನಡೆಸಿದ್ದು ಸ್ಯಾನ್‌ಫ್ರಾನ್ಸಿಸ್ಕೋದ ಜಿಲ್ಲಾ ಅಟಾರ್ನಿ ಕಚೇರಿ. ಆಗ ಅದರ ಮುಖ್ಯಸ್ಥೆ, ಮುಂದೆ ಅಮೆರಿಕದ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್. ಆ ಕಚೇರಿ ಮಾಡಿದ ಒಂದು ಕೆಲಸವನ್ನು ವಕೀಲರಾದವರು ನೆನಪಿಡತಕ್ಕದ್ದು. ಆರೋಪಿ ಎಷ್ಟು ಅಪಾಯಕಾರಿ ಎಂದು ತೋರಿಸುವುದಕ್ಕಾಗಿ, ಆತನ ಬಳಿ ಸಿಕ್ಕ ಸುಮಾರು 150 ಬಳಕೆದಾರ ಹೆಸರುಗಳು ಮತ್ತು ಪಾಸ್‌ವರ್ಡುಗಳ ಪಟ್ಟಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಿದ ದಸ್ತಾವೇಜಿಗೆ ಲಗತ್ತಿಸಿತು. ನ್ಯಾಯಾಲಯದ ದಸ್ತಾವೇಜು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಓದಬಹುದು. ಪಾಸ್‌ವರ್ಡುಗಳನ್ನು ನಾಲ್ಕು ಜನರೆದುರು ಹೇಳಲಿಲ್ಲವೆಂದು ಒಬ್ಬನನ್ನು ಜೈಲಿಗೆ ಹಾಕಿದವರು, ತಾವೇ ಅವನ್ನು ಊರೆದುರು ತೂಗುಹಾಕಿದಂತಾಯಿತು. ಆ ಪಟ್ಟಿಯೊಂದರಿಂದಲೇ ಒಳನುಗ್ಗಲು ಆಗುತ್ತಿರಲಿಲ್ಲ, ಇನ್ನೊಂದು ಪಾಸ್‌ವರ್ಡು ಬೇಕಿತ್ತು ಎಂಬುದಷ್ಟೇ ಸಮಾಧಾನ. ಚೈಲ್ಡ್ಸ್‌ನ ಅಂಜಿಕೆ ಸಂಪೂರ್ಣ ಭ್ರಮೆಯಾಗಿರಲಿಲ್ಲವೆನ್ನಲು ಪ್ರತಿವಾದಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿರಲಿಲ್ಲ.

ಆರೋಪಗಳು ಆರಂಭದಲ್ಲಿ ಹಲವಿದ್ದವು. ಅನಧಿಕೃತವಾಗಿ ಮೋಡೆಮ್‌ಗಳನ್ನು ಜೋಡಿಸಿದ್ದನೆಂಬ ಮೂರು ಆರೋಪಗಳನ್ನು 2009ರಲ್ಲಿ ನ್ಯಾಯಾಧೀಶರು ಕೈಬಿಟ್ಟರು. ಉಳಿದದ್ದು ಒಂದೇ. ಕ್ಯಾಲಿಫೋರ್ನಿಯಾ ದಂಡಸಂಹಿತೆಯ 502ನೆಯ ಕಲಮಿನ (ಸಿ)(5) ಉಪಕಲಮು, ಅರಿತೂ ಅನುಮತಿಯಿಲ್ಲದೆ ಅಧಿಕೃತ ಬಳಕೆದಾರನಿಗೆ ಗಣಕಸೇವೆಯನ್ನು ತಪ್ಪಿಸುವುದನ್ನು ಅಪರಾಧವೆನ್ನುತ್ತದೆ. ಹ್ಯಾಕರ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದಂತೆ ತೋರುವ ಈ ಮಾತುಗಳು ಕೆಲಸದಲ್ಲಿದ್ದ ನೌಕರನಿಗೆ ಅನ್ವಯಿಸುತ್ತವೆಯೇ?

ಪ್ರತಿವಾದಿಯ ವಾದಸರಣಿ ದುರ್ಬಲವಾದದ್ದಲ್ಲ. ಒಂದನೆಯದಾಗಿ, ಸೇವೆ ಯಾರಿಗೂ ತಪ್ಪಲಿಲ್ಲ. ಜಾಲ ನಡೆಯುತ್ತಲೇ ಇತ್ತು. ಜೊತೆಗೆ, ಆತನಿಗೆ ಆ ಸಾಧನಗಳನ್ನು ನಿರ್ವಹಿಸುವ ಅನುಮತಿಯಿತ್ತು, ಹಾಗಾಗಿ ‘ಅನುಮತಿಯಿಲ್ಲದೆ’ ಎಂಬ ಮಾತು ಹೊಂದದು. ಅದೇ ಕಲಮು ನೌಕರಿಯ ವ್ಯಾಪ್ತಿಯೊಳಗಿನ ಕೃತ್ಯಗಳಿಗೆ ವಿನಾಯಿತಿಯನ್ನೂ ಕೊಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪಾಸ್‌ವರ್ಡುಗಳನ್ನು ಇತರರಿಗೆ ಹೇಳಬಾರದೆಂದು ಭದ್ರತಾ ನಿಯಮಗಳೇ ಹೇಳುತ್ತಿರುವಾಗ, ತೆರೆದ ದೂರವಾಣಿಯ ಆಚೆ ಯಾರಿದ್ದಾರೆಂದು ಗೊತ್ತಿಲ್ಲದೆ ಅವನ್ನು ಉಚ್ಚರಿಸದಿರುವುದು ಕರ್ತವ್ಯಪಾಲನೆಯಲ್ಲದೆ ಇನ್ನೇನು?

ಜ್ಯೂರಿಯ ಸದಸ್ಯರಲ್ಲಿ ಒಬ್ಬರು ಸ್ವತಃ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದುದು ಕಾಕತಾಳೀಯ. ಸಾಮಾನ್ಯವಾಗಿ ವಿಷಯ ಬಲ್ಲವರನ್ನು ಜ್ಯೂರಿಯಿಂದ ಹೊರಗಿಡಲು ವಕೀಲರು ಪ್ರಯತ್ನಿಸುತ್ತಾರೆ. ಇಲ್ಲಿ ಅವರು ಉಳಿದುಕೊಂಡರು. ಆರೋಪಿಯದೇ ವೃತ್ತಿಯವರು ಆತನ ಪರ ನಿಲ್ಲುವರೆಂದು ನಿರೀಕ್ಷಿಸಿದವರಿಗೆ ನಿರಾಸೆಯಾಯಿತು. 2010ರ ಏಪ್ರಿಲ್ 27ರಂದು ಜ್ಯೂರಿ ಆತನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ನಗರಕ್ಕಾದ ನಷ್ಟ 2 ಲಕ್ಷ ಡಾಲರ್‌ಗಿಂತ ಹೆಚ್ಚೆಂದೂ ನಿರ್ಣಯಿಸಿತು. ಆಗಸ್ಟ್‌ನಲ್ಲಿ ನಾಲ್ಕು ವರ್ಷಗಳ ಶಿಕ್ಷೆಯಾಯಿತು; ಅದರಲ್ಲಿ ಬಹುಭಾಗ ವಿಚಾರಣೆಯ ಕಾಲದಲ್ಲೇ ಕಳೆದುಹೋಗಿತ್ತು. 2011ರಲ್ಲಿ ಸುಮಾರು 15 ಲಕ್ಷ ಡಾಲರ್ ಪರಿಹಾರ ತೆರಬೇಕೆಂಬ ಆದೇಶವೂ ಬಂತು.

ಅಪೀಲಿನಲ್ಲಿ ತೀರ್ಪು ಬಂದದ್ದು 2013ರ ಅಕ್ಟೋಬರಿನಲ್ಲಿ. ಒಳಹೊಗಲು ಅನುಮತಿ ಇರುವುದು ಬೇರೆ, ಒಳಗಿದ್ದುಕೊಂಡು ಇತರ ಅಧಿಕೃತರನ್ನು ಹೊರಗಿಡಲು ಅನುಮತಿ ಇರುವುದು ಬೇರೆ ಎಂಬುದು ಅದರ ತಿರುಳು. ನೌಕರನಾದ ಮಾತ್ರಕ್ಕೆ ಆ ಉಪಕಲಮಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಮಾಲಿಕ ಸ್ಪಷ್ಟವಾಗಿ ಕೇಳಿದ ಮೇಲೆ ಪಾಸ್‌ವರ್ಡು ಬಚ್ಚಿಡುವುದು ನೌಕರಿಯ ವ್ಯಾಪ್ತಿಯೊಳಗಿನ ಕೆಲಸವಲ್ಲ. ಜಾಲ ನಡೆಯುತ್ತಿತ್ತೆಂಬ ವಾದವೂ ನಿಲ್ಲಲಿಲ್ಲ. ಗುಮಾಸ್ತನಿಗೆ ಸೇವೆಯೆಂದರೆ ಇಮೇಲ್. ಜಾಲದ ಆಡಳಿತಗಾರನಿಗೆ ಸೇವೆಯೆಂದರೆ ಆ ಹ್ಯಾಷ್ ಚಿಹ್ನೆ. ಅದು ಆತನಿಗೆ ದೊರೆಯದಿದ್ದರೆ ಸೇವೆ ತಪ್ಪಿತೆಂದೇ ಅರ್ಥ.

ಈ ತೀರ್ಪು ಕಾನೂನಿನಲ್ಲಿ ಸರಿ, ಆದರೆ ತೂಕದಲ್ಲಿ ಒಂದೇ ಕಡೆಗೆ ವಾಲಿದೆ ಎನ್ನದೆ ವಿಧಿಯಿಲ್ಲ. ಒಂದು ಮಹಾನಗರ ತನ್ನ ನರಮಂಡಲವನ್ನು ಒಬ್ಬನ ಕೈಗೆ ಕೊಟ್ಟು, ವರ್ಷಗಟ್ಟಲೆ ಎರಡನೆಯವನನ್ನು ತಯಾರು ಮಾಡದೆ, ಪಾಸ್‌ವರ್ಡುಗಳ ಪ್ರತಿಯನ್ನು ಮುಚ್ಚಿದ ಲಕೋಟೆಯಲ್ಲಿ ಇಡಿಸದೆ, ವರ್ಗಾವಣೆಯ ದಿನವೇ ಪೊಲೀಸರ ಸಮ್ಮುಖದಲ್ಲಿ ಮೊದಲ ಬಾರಿಗೆ ಎಂಬಂತೆ ಕೇಳಿತು. ಆ ಮೇಲಧಿಕಾರಿಗಳ ಅಲಕ್ಷ್ಯಕ್ಕೆ ಯಾವ ಉಪಕಲಮೂ ಇರಲಿಲ್ಲ. ಖಜಾನೆಯ ಭದ್ರಕೋಣೆಗೆ ಎರಡು ಬೀಗ, ಎರಡು ಕೀಲಿಕೈ, ಇಬ್ಬರು ಅಧಿಕಾರಿಗಳು ಎಂಬ ಪದ್ಧತಿಯನ್ನು ನಮ್ಮ ದೇಶದ ಉಪಖಜಾನೆಗಳು ಗಣಕ ಬರುವ ಎಷ್ಟೋ ಮೊದಲೇ ರೂಢಿಸಿಕೊಂಡಿದ್ದವು. ಅದು ನೌಕರನ ಮೇಲಿನ ಸಂಶಯವಲ್ಲ, ಆತನಿಗೇ ರಕ್ಷಣೆ.

ಜಾಲದಲ್ಲಿ ಇದನ್ನು ಮಾಡುವ ವಿಧಾನಗಳು ಹೊಸವೇನಲ್ಲ. ಒಂದೇ ಎನೇಬಲ್ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಳ್ಳುವ ಬದಲು ಪ್ರತಿಯೊಬ್ಬನಿಗೂ ಅವನ ಹೆಸರಿನ ಖಾತೆ ಕೊಡಬಹುದು. ಟ್ಯಾಕಾಕ್ಸ್ ಪ್ಲಸ್ ಎಂಬ ವ್ಯವಸ್ಥೆಯಲ್ಲಿ ಯಾರು ಯಾವ ಹೊತ್ತಿಗೆ ಯಾವ ಆಜ್ಞೆ ಬರೆದರೆಂಬುದು ಬೇರೊಂದು ಗಣಕದಲ್ಲಿ ದಾಖಲಾಗುತ್ತದೆ. ಅಧಿಕಾರವನ್ನು 0ಯಿಂದ 15ರವರೆಗಿನ ಹಂತಗಳಲ್ಲಿ ಹಂಚುವ ಸೌಲಭ್ಯ ಸ್ವಿಚ್‌ನಲ್ಲೇ ಇದೆ. ಸೂಚನೆಗಳ ಪ್ರತಿಯನ್ನು ಪ್ರತಿರಾತ್ರಿ ತಾನಾಗಿ ನಕಲಿಸಿಡುವ ತಂತ್ರಾಂಶಗಳಿವೆ. ಇವಾವುವೂ ದುಬಾರಿಯಲ್ಲ, ಬೇಸರದ ಕೆಲಸಗಳು, ಅಷ್ಟೇ. ಬೇಸರದ ಕೆಲಸವನ್ನು ಮುಂದೂಡುವುದರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋಕ್ಕೂ ಗಡಿನಾಡಿನ ಒಂದು ಪಂಚಾಯತು ಕಚೇರಿಗೂ ಬಹಳ ವ್ಯತ್ಯಾಸವಿರಲಾರದು.

ಬೀಗವೇ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ದೂರವಿಲ್ಲ. 2018ರ ಏಪ್ರಿಲ್ ಮೊದಲ ವಾರದ ಕೊನೆಗೆ ಇರಾನ್ ಮತ್ತು ರಷ್ಯಾದ ಸಾವಿರಾರು ಸ್ವಿಚ್‌ಗಳ ಸ್ಟಾರ್ಟಪ್ ಕಾನ್ಫಿಗ್ ಅಳಿದುಹೋಗಿ, ಆ ಜಾಗದಲ್ಲಿ ಬೆರಳಚ್ಚು ಅಕ್ಷರಗಳಿಂದ ಬಿಡಿಸಿದ ಅಮೆರಿಕದ ಬಾವುಟವೂ ಚುನಾವಣೆಯ ತಂಟೆಗೆ ಬರಬೇಡಿ ಎಂಬ ಅರ್ಥದ ಒಂದು ಸಾಲೂ ಕಾಣಿಸಿಕೊಂಡವು. ದಾರಿಯಾದದ್ದು ಸ್ಮಾರ್ಟ್ ಇನ್‌ಸ್ಟಾಲ್ ಎಂಬ ಸೌಲಭ್ಯ. ಹೊಸ ಸ್ವಿಚ್ ಪೆಟ್ಟಿಗೆಯಿಂದ ಹೊರಬಂದ ಕೂಡಲೇ ಎಂಜಿನಿಯರ್ ಬಾರದೆಯೇ ಸೂಚನೆ ಪಡೆಯಲಿ ಎಂದು ಇಟ್ಟಿದ್ದ ಅದು 4786 ಎಂಬ ಸಂಖ್ಯೆಯ ದ್ವಾರದಲ್ಲಿ, ಗುರುತು ಕೇಳದೆ, ಯಾರು ಬಂದರೂ ಆಲಿಸುತ್ತ ಕುಳಿತಿತ್ತು. ಇರಾನ್ ಸರಕಾರದ ಹೇಳಿಕೆಯಂತೆ ಜಗತ್ತಿನಾದ್ಯಂತ ತೊಂದರೆಗೊಳಗಾದವು ಎರಡು ಲಕ್ಷ, ತನ್ನ ದೇಶದಲ್ಲಿ 3,500. ಆ ಸೌಲಭ್ಯ ಬೇಡದವರು ಅದನ್ನು ನಿಲ್ಲಿಸಲು ಬರೆಯಬೇಕಿದ್ದ ಆಜ್ಞೆ ಎರಡೇ ಪದಗಳದ್ದು: ‘ನೋ ವಿಸ್ಟ್ಯಾಕ್’.

ಚೈಲ್ಡ್ಸ್ ಮಾಡಿದಂತೆಯೇ ನಮ್ಮ ದೇಶದಲ್ಲಿ ಒಬ್ಬನು ಮಾಡಿದರೆ? 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಕಲಮಿನ (ಎಫ್) ಖಂಡ, ಒಡೆಯನ ಅಥವಾ ಉಸ್ತುವಾರಿ ಹೊಂದಿದವನ ಅನುಮತಿಯಿಲ್ಲದೆ, ಪ್ರವೇಶಕ್ಕೆ ಅಧಿಕಾರವುಳ್ಳ ವ್ಯಕ್ತಿಗೆ ಯಾವುದೇ ರೀತಿಯಲ್ಲಿ ಪ್ರವೇಶ ತಪ್ಪಿಸುವುದನ್ನು ಪರಿಹಾರಕ್ಕೆ ಗುರಿಮಾಡುತ್ತದೆ. ಐದು ಕೋಟಿ ರೂಪಾಯಿಯವರೆಗಿನ ಕ್ಲೇಮುಗಳನ್ನು ಇದಕ್ಕೆಂದೇ ನೇಮಕಗೊಂಡ ನ್ಯಾಯನಿರ್ಣಯಾಧಿಕಾರಿ ಕೇಳುತ್ತಾರೆ. ಮಿಕ್ಕವು ಸಿವಿಲ್ ನ್ಯಾಯಾಲಯಕ್ಕೆ. ಅದೇ ಕೃತ್ಯ ಅಪ್ರಾಮಾಣಿಕವಾಗಿಯೋ ವಂಚನೆಯಿಂದಲೋ ನಡೆದಿದ್ದರೆ 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, ಅಥವಾ ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಕ್ಯಾಲಿಫೋರ್ನಿಯಾದ ಕಾನೂನಿಗಿಂತ ಇದು ಒಂದು ವಿಷಯದಲ್ಲಿ ಮೃದು: ಅಲ್ಲಿ ಅರಿತು ಮಾಡಿದ್ದರೆ ಸಾಕು, ಇಲ್ಲಿ ಜೈಲಿಗೆ ಕಳುಹಿಸಬೇಕಾದರೆ ಅಪ್ರಾಮಾಣಿಕತೆಯನ್ನು ರುಜುವಾತುಪಡಿಸಬೇಕು. ತನಗೊಂದು ಕಾಸಿನ ಲಾಭವನ್ನೂ ಬಯಸದೆ, ಜಾಲದ ಮೇಲಿನ ವ್ಯಾಮೋಹದಿಂದ ಕೀಲಿಕೈ ಬಚ್ಚಿಟ್ಟವನ ವಿರುದ್ಧ ಅದನ್ನು ಸಾಧಿಸುವುದು ಸುಲಭವಲ್ಲ.

ಅದಕ್ಕಿಂತ ತೊಡಕಿನದು ‘ಉಸ್ತುವಾರಿ ಹೊಂದಿದವನು’ ಎಂಬ ಮಾತು. ಸಹಕಾರಿ ಬ್ಯಾಂಕಿಗೋ ಶಾಲೆಗೋ ಸ್ವಿಚ್ ಕೂರಿಸಿಕೊಟ್ಟದ್ದು ಗುತ್ತಿಗೆದಾರ. ಪಾಸ್‌ವರ್ಡು ಇಟ್ಟದ್ದು ಗುತ್ತಿಗೆದಾರನ ಹುಡುಗ. ಆ ಹುಡುಗ ಈಗ ಕೊಲ್ಲಿದೇಶದಲ್ಲಿ. ಟೆಂಡರಿನ ಕಾಗದದಲ್ಲಿ ಕಿಂಡಿಗಳ ಸಂಖ್ಯೆ, ತಂತಿಯ ಉದ್ದ, ವಾರಂಟಿಯ ವರ್ಷ ಎಲ್ಲ ಇರುತ್ತದೆ. ಕೆಲಸ ಮುಗಿದ ದಿನ ಎನೇಬಲ್ ಪಾಸ್‌ವರ್ಡನ್ನೂ ಕಾನ್ಫಿಗಿನ ಒಂದು ಪ್ರತಿಯನ್ನೂ ಮುಚ್ಚಿದ ಲಕೋಟೆಯಲ್ಲಿ ಕಾರ್ಯದರ್ಶಿಯ ಕೈಗೆ ಒಪ್ಪಿಸತಕ್ಕದ್ದು ಎಂಬ ಒಂದು ಷರತ್ತು ಮಾತ್ರ ಇರುವುದಿಲ್ಲ. ಕರಾರಿಗೆ ಸಹಿ ಬೀಳುವ ಮುನ್ನ ಅದನ್ನು ಸೇರಿಸಲು ತಗಲುವುದು ಎರಡು ಸಾಲು. ಬಿದ್ದ ಮೇಲೆ, ಮೋಡ್ ಗುಂಡಿ ಒತ್ತಿಹಿಡಿದು ನಿಲ್ಲಬಲ್ಲ ಇನ್ನೊಬ್ಬನನ್ನು ಹುಡುಕಿ ತರಬೇಕು, ಹಿಂದಿನವನು ಆ ನಾಲ್ಕು ಪದಗಳ ಆಜ್ಞೆಯನ್ನು ಬರೆದುಹೋಗದೆ ಇದ್ದರೆ.